ಹೂಮಳೆಯ ನಂತರ ಸತ್ತ ಏಳು ದನಗಳು: ಒಂದು ಪ್ರಕರಣ ಅಧ್ಯಯನ

ದಕ್ಷಿಣ ಕೊಡಗಿನ ಒಂದು ಗ್ರಾಮದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿ ಇದು. ಆಗ ನಾನು ಆ ಭಾಗದ ಪಶುವೈದ್ಯನಾಗಿದ್ದೆ. ಊರು, ವರ್ಷ, ಮನೆತನ ಯಾವುದನ್ನೂ ಬರೆಯುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಒಟ್ಟು ಏಳು ದನ ಸತ್ತವು. ಯಾಕೆ ಸತ್ತವು ಎಂಬುದು ಕೆಲವೇ ದಿನಗಳಲ್ಲಿ ಖಚಿತವಾಯಿತು. ಆದರೆ ಅಷ್ಟರಲ್ಲಿ ‘ಜೈವಿಕ ಅಸ್ತ್ರ’ (ಆಯುಧವಾಗಿ ಬಳಸುವ ರೋಗಾಣು) ಎಂಬ ಮಾತು ಊರಿನ ಬಾಯಿಗೆ ಬಿದ್ದಿತ್ತು. ಅದರಿಂದ ಆದ ಗಾಯ ದನಗಳ ಸಾವಿಗಿಂತ ಹೆಚ್ಚು ಕಾಲ ಉಳಿಯಿತು. ಕಿರಿಯ ಸಹೋದ್ಯೋಗಿಗಳಿಗೆ, ಪಂಚಾಯಿತಿಯವರಿಗೆ, ತೋಟದ ಮಾಲೀಕರಿಗೆ ಉಪಯೋಗಕ್ಕೆ ಬರಲಿ ಎಂದು, ನಾನು ಎಡವಿದ ಜಾಗಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಊರು ಕೊಡಗಿನ ಯಾವುದೇ ಊರಿನ ಹಾಗೆ: ಮೇಲೆ ಕಾಫಿ ತೋಟ, ಕೆಳಗೆ ಭತ್ತದ ಗದ್ದೆ, ನಡುವೆ ದನ ಮೇಯುವ ಬಾಣೆ. ಗದ್ದೆಯ ತಲೆಯಲ್ಲಿ ಒಂದು ಹಳೆಯ ಕೆರೆ. ಆ ವರ್ಷ ಫೆಬ್ರವರಿಯಲ್ಲಿ ಜೆಸಿಬಿ ತರಿಸಿ ಕೆರೆಯ ಹೂಳು ತೆಗೆಸಿದರು. ದಂಡೆಯನ್ನೂ ಸ್ವಲ್ಪ ಕಡಿದು ಅಗಲ ಮಾಡಿದರು. ತೆಗೆದ ಮಣ್ಣನ್ನು ಬಾಣೆಯ ತಗ್ಗಿನ ಅಂಚಿಗೆ ಸುರಿದು ಹರಡಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮಾರ್ಚ್ ಕೊನೆಗೆ ಹೂಮಳೆ ಬಂತು. ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದವು. ಬೇಸಿಗೆಯಲ್ಲಿ ಒಣಗಿ ನಿಂತಿದ್ದ ಬಾಣೆಯಲ್ಲಿ ಹಸಿರು ಚಿಗುರಿತು. ಹೊಸ ಮಣ್ಣು ಬಿದ್ದ ಜಾಗದಲ್ಲಿ ಹುಲ್ಲು ಇನ್ನೂ ಸೊಂಪಾಗಿತ್ತು. ಹಸಿದ ದನಗಳು ಅಲ್ಲಿಗೇ ಹೋಗಿ, ಗಿಡ್ಡ ಚಿಗುರನ್ನು ಬೇರಿನ ಮಣ್ಣು ಸಮೇತ ಕಿತ್ತು ತಿಂದವು.

ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಎರಡು ವಾರದ ಹಿಂದಷ್ಟೇ ಅಸ್ಸಾಮಿನಿಂದ ಮೂರು ಕುಟುಂಬಗಳು ಬಂದಿದ್ದವು. ಕೊಡಗಿನ ತೋಟಗಳು ಈಗ ನಡೆಯುತ್ತಿರುವುದೇ ಹೀಗೆ ದೂರದಿಂದ ಬರುವವರ ಕೈಗಳಿಂದ. ಅವರ ಭಾಷೆ ಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಹರಕುಮುರುಕು ಹಿಂದಿಯಲ್ಲಿ ಕೆಲಸ ಹೇಳುತ್ತಿದ್ದರು.

ಮೊದಲ ಎರಡು ಸಾವು, ನನ್ನ ಮೊದಲ ತಪ್ಪು

ಭಾನುವಾರ ಸಂಜೆ ಹಾಲು ಕೊಟ್ಟ ಹಸು ಸೋಮವಾರ ಬೆಳಗಾಗುವಾಗ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿತ್ತು. ಹಾವು ಕಚ್ಚಿರಬೇಕು ಎಂದುಕೊಂಡ ಮನೆಯವರು ಇಬ್ಬರನ್ನು ಕರೆಸಿ ಚರ್ಮ ಸುಲಿಸಿ ಹೂಳಿಸಿಬಿಟ್ಟರು. ಮಧ್ಯಾಹ್ನ ಪಕ್ಕದ ಮನೆಯ ಎತ್ತು ಬಾಣೆಯಲ್ಲೇ ಕುಸಿಯಿತು. ನನಗೆ ಫೋನ್ ಬಂದದ್ದು ಆಗ.

ನಾನು ಹೋಗುವಷ್ಟರಲ್ಲಿ ಎತ್ತಿನ ಹೊಟ್ಟೆ ಊದಿಕೊಂಡಿತ್ತು. ಮೂಗಿನಿಂದಲೂ ಗುದದಿಂದಲೂ ಕಪ್ಪುಗೆಂಪು ರಕ್ತ ಸೋರುತ್ತಿತ್ತು. ನೆಲಕ್ಕೆ ಬಿದ್ದ ರಕ್ತ ಹೆಪ್ಪುಗಟ್ಟದೆ ಡಾಂಬರಿನ ಹಾಗೆ ಹರಡಿಕೊಂಡಿತ್ತು. ಸತ್ತು ಗಂಟೆಗಳಾದರೂ ಕಾಲುಗಳು ಸೆಟೆದಿರಲಿಲ್ಲ. ಈ ಗುರುತುಗಳು ಒಟ್ಟಿಗೆ ಕಂಡರೆ ಪಶುವೈದ್ಯನ ಮನಸ್ಸಿಗೆ ಮೊದಲು ಬರುವ ಹೆಸರು ನೆರಡಿ ರೋಗ, ಅಂದರೆ ಆಂಥ್ರಾಕ್ಸ್.

ಎತ್ತಿನ ಮಾಲೀಕರು ಒತ್ತಾಯಿಸಿದರು: “ಡಾಕ್ಟರೇ, ಕೊಯ್ದು ನೋಡಿದರೆ ತಾನೇ ವಿಷವೋ ರೋಗವೋ ಗೊತ್ತಾಗುವುದು?” ಸಾಮಾನ್ಯವಾಗಿ ಅವರ ಮಾತು ಸರಿ. ಈ ರೋಗದ ಅನುಮಾನ ಬಂದಾಗ ಮಾತ್ರ ಕತ್ತಿ ಮುಟ್ಟಬಾರದು. ಮುಚ್ಚಿದ ದೇಹದೊಳಗೆ ಈ ಬ್ಯಾಕ್ಟೀರಿಯಾ ಕೊಳೆತದ ಜೊತೆಗೇ ಸಾಯುತ್ತದೆ. ಕೊಯ್ದು ಗಾಳಿ ತಗುಲಿಸಿದರೆ ಗಟ್ಟಿ ಕವಚದ ಬೀಜಕಣವಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಕಾದು ಕೂರುತ್ತದೆ. ಕಿವಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಸ್ಲೈಡಿನ ಮೇಲೆ ಎಳೆದುಕೊಂಡೆ, ಚುಚ್ಚಿದ ಜಾಗವನ್ನು ಔಷಧದ ಹತ್ತಿಯಿಂದ ಒತ್ತಿ ಮುಚ್ಚಿದೆ. ಈ ನಿರ್ಧಾರ ಸರಿಯಾಗಿತ್ತು.

ತಪ್ಪು ಮಾಡಿದ್ದು ಅದರ ಮರುಕ್ಷಣ. ರೈಟರು ಹತ್ತಿರ ಬಂದು ದನಿ ತಗ್ಗಿಸಿ, “ಮೂರು ದಿನದ ಹಿಂದೆ ಬಾಣೆಯ ಮೇಲೆ ಡ್ರೋನ್ ಹಾರಿತ್ತು. ಮೇಲಿನಿಂದ ಏನಾದರೂ ಉದುರಿಸಿರಬಹುದೇ?” ಎಂದು ಕೇಳಿದರು. ನಾನು ನಕ್ಕೆ. “ನೀವೂ ಹೀಗೆಲ್ಲ ನಂಬುತ್ತೀರಾ?” ಎಂದೆ. ಸುತ್ತ ಇಪ್ಪತ್ತು ಜನ ನಿಂತಿದ್ದರು. ಆ ಮನುಷ್ಯನ ಮುಖ ಕೆಂಪಾಯಿತು. ಅವರು ಭಯದಿಂದ ಕೇಳಿದ್ದ ಪ್ರಶ್ನೆಗೆ ನಾನು ಅವಮಾನವನ್ನು ಉತ್ತರವಾಗಿ ಕೊಟ್ಟಿದ್ದೆ.

ಮಾತು ಅಸ್ತ್ರವಾದದ್ದು

ಸಂಜೆಯ ಹೊತ್ತಿಗೆ ಒಂದು ಧ್ವನಿ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡತೊಡಗಿತು: ಕೊಡಗಿನ ಮೇಲೆ ಜೈವಿಕ ಅಸ್ತ್ರದ ಪ್ರಯೋಗ ಆಗಿದೆ, ಡ್ರೋನಿನಿಂದ ಪುಡಿ ಉದುರಿಸಿದ್ದಾರೆ, ಸರ್ಕಾರಿ ಡಾಕ್ಟರಿಗೆ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆ. ಕೊನೆಯ ವಾಕ್ಯಕ್ಕೆ ನನ್ನ ನಗುವೇ ಸಾಕ್ಷಿಯಾಗಿತ್ತು.

ಮಂಗಳವಾರ ಬೆಳಿಗ್ಗೆ ಇನ್ನೂ ಮೂರು ದನ ಸತ್ತಿದ್ದವು. ಹತ್ತು ಗಂಟೆಗೆ ಕೆಲವು ಯುವಕರು ಲೈನ್ ಮನೆಗಳಿಗೆ ನುಗ್ಗಿ ಪಾತ್ರೆಪಗಡ ಕೆದಕಿದರು. ಒಂದು ಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಬಿಳಿ ಪುಡಿ ಸಿಕ್ಕಿತು. ನಾನು ತಲುಪಿದಾಗ ಆ ಚೀಲ ಅಂಗಳದ ನಡುವೆ ಒಂದು ಕುಕ್ಕೆಯಡಿ ಮುಚ್ಚಿಟ್ಟಿತ್ತು. ಸುತ್ತ ಜನ, ಗೋಡೆಗೆ ಒರಗಿ ಕೂತ ಆರು ಮಂದಿ ಕೆಲಸಗಾರರು, ಅಳುವ ಒಂದು ಮಗು. ಒಬ್ಬಾತನ ತುಟಿ ಒಡೆದಿತ್ತು. ಪೊಲೀಸರಿಗೆ ತಿಳಿಸಿ, ಅವರು ಬರುವವರೆಗೆ ಯಾರೂ ಅಂಗಳ ಬಿಡಬಾರದೆಂದು ಕೇಳಿಕೊಂಡೆ.

ನನಗೆ ದಾರಿ ತೋರಿಸಿದವರು ಊರಿನ ನಿವೃತ್ತ ಸುಬೇದಾರರು. ಅವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ನಕ್ಕರೆ ಜನ ನಂಬುವುದಿಲ್ಲ, ಡಾಕ್ಟರೇ. ಸೈನ್ಯದಲ್ಲಿ ನಮಗೂ ಇದರ ತರಬೇತಿ ಕೊಟ್ಟಿದ್ದಾರೆ. ಇಂಥ ಅಸ್ತ್ರ ಇರುವುದು ಸುಳ್ಳಲ್ಲ. ನಿಜವಾದ ದಾಳಿ ಹೇಗಿರುತ್ತದೆ ಎಂದು ನೀವು ಹೇಳಿ. ಇದು ಹಾಗಿದೆಯೋ ಇಲ್ಲವೋ ಎಂಬುದನ್ನು ನಾವೇ ನೋಡುತ್ತೇವೆ.”

ಇಡೀ ಪ್ರಕರಣದ ತಿರುವು ಈ ಮಾತು. ಅಂದು ಸಂಜೆ ಐದು ಗಂಟೆಗೆ ಸಮುದಾಯ ಭವನದಲ್ಲಿ ಸಭೆ ಸೇರಿಸುವುದೆಂದು ನಿಶ್ಚಯಿಸಿದೆವು. ಕೆಲಸಗಾರರೂ ಸಭೆಯಲ್ಲಿ ಇರಬೇಕು, ಅವರೆದುರೇ ಎಲ್ಲ ಪರೀಕ್ಷೆ ನಡೆಯಬೇಕು ಎಂಬ ಷರತ್ತು ಹಾಕಿದೆ. ಠಾಣೆಯಿಂದ ಬಂದ ಅಧಿಕಾರಿ ಒಪ್ಪಿದರು.

ಸಭೆಯಲ್ಲಿ ಹೇಳಿದ್ದು

ಜನರ ಅನುಮಾನಕ್ಕೆ ಬುಡವಿದೆ ಎಂದು ಮೊದಲು ಒಪ್ಪಿಕೊಂಡೆ. ಹಿಂದಿನ ದಿನ ನಕ್ಕಿದ್ದಕ್ಕೆ ರೈಟರ ಕ್ಷಮೆ ಕೇಳಿದೆ. ಆಮೇಲೆ ದನಗಳಿಂದಲೇ ಶುರು ಮಾಡಿದೆ, ಯಾಕೆಂದರೆ ಈ ಚರಿತ್ರೆಯಲ್ಲಿ ಮೂಕಪ್ರಾಣಿಗಳ ಪಾಲು ದೊಡ್ಡದು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗೂಢಚಾರರು ಮಿತ್ರರಾಷ್ಟ್ರಗಳಿಗೆ ಹಡಗಿನಲ್ಲಿ ಹೋಗುತ್ತಿದ್ದ ಕುದುರೆ, ಹೇಸರಗತ್ತೆಗಳಿಗೆ ರೋಗ ಹತ್ತಿಸಿದರು. ಆಂಟನ್ ಡಿಲ್ಗರ್ ಎಂಬ ವೈದ್ಯ ವಾಷಿಂಗ್ಟನ್ ನಗರದ ಪಕ್ಕದಲ್ಲೇ ಒಂದು ಮನೆಯಲ್ಲಿ ಆಂಥ್ರಾಕ್ಸ್ ಮತ್ತು ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗಾಣುಗಳನ್ನು ಬೆಳೆಸುತ್ತಿದ್ದ. 1917ರಲ್ಲಿ ನಾರ್ವೆಯಲ್ಲಿ ಸಿಕ್ಕಿಬಿದ್ದ ಇನ್ನೊಬ್ಬನ ಬಳಿ ಸಕ್ಕರೆ ಅಚ್ಚುಗಳಿದ್ದವು. ಅಚ್ಚಿನೊಳಗೆ ಕೂದಲೆಳೆಯಂಥ ಗಾಜಿನ ನಳಿಕೆ, ನಳಿಕೆಯೊಳಗೆ ಆಂಥ್ರಾಕ್ಸ್. ಆ ಸಕ್ಕರೆ ಅಚ್ಚುಗಳು ಪೊಲೀಸ್ ವಸ್ತುಸಂಗ್ರಹಾಲಯದಲ್ಲಿ ಬಿದ್ದಿದ್ದು, ಸುಮಾರು ಎಂಬತ್ತು ವರ್ಷದ ಮೇಲೆ ಪರೀಕ್ಷಿಸಿದಾಗ ಒಳಗಿನ ಬೀಜಕಣಕ್ಕೆ ಇನ್ನೂ ಜೀವವಿತ್ತು. ಇದನ್ನು ಹೇಳಿದಾಗ ಸಭೆಯ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ತಲೆ ಎತ್ತಿ ನೋಡಿದ್ದು ನನಗೆ ನೆನಪಿದೆ. ಅವರು ಯಾಕೆ ನೋಡಿದರು ಎಂದು ಆಮೇಲೆ ತಿಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಅಗಸೆ ಹಿಂಡಿಯ ಬಿಲ್ಲೆಗಳಿಗೆ ಆಂಥ್ರಾಕ್ಸ್ ಸೇರಿಸಿ ಜರ್ಮನಿಯ ದನಗಳ ಮೇಲೆ ಎಸೆಯಲು 50 ಲಕ್ಷ ಬಿಲ್ಲೆ ತಯಾರಿಸಿಟ್ಟಿತ್ತು. ಅವನ್ನು ಬಳಸಲಿಲ್ಲ, ಯುದ್ಧದ ನಂತರ ನಾಶಪಡಿಸಿದರು. ಆದರೆ 1942ರಲ್ಲಿ ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ ಕುರಿಗಳನ್ನು ಕಟ್ಟಿ ಆಂಥ್ರಾಕ್ಸ್ ಬಾಂಬು ಸಿಡಿಸಿ ನೋಡಿದ್ದರು. ಕುರಿಗಳು ಕೆಲವೇ ದಿನಗಳಲ್ಲಿ ಸತ್ತವು. ದ್ವೀಪ ಮಾತ್ರ 1990ರವರೆಗೆ ಮನುಷ್ಯರಿಗೆ ನಿಷಿದ್ಧವಾಗಿ ಉಳಿಯಿತು. ಅದನ್ನು ಶುಚಿ ಮಾಡಲು ಸಮುದ್ರದ ನೀರಿನಲ್ಲಿ 280 ಟನ್ ಫಾರ್ಮಾಲ್ಡಿಹೈಡ್ ಎಂಬ ರೋಗಾಣುನಾಶಕ ಕಲಸಿ ನೆಲಕ್ಕೆ ಸುರಿಯಬೇಕಾಯಿತು. ಅದೇ ಕಾಲದಲ್ಲಿ ಚೀನಾದ ಹಾರ್ಬಿನ್ ಬಳಿ ಜಪಾನಿನ 731ನೇ ಘಟಕ ಜೀವಂತ ಮನುಷ್ಯರ ಮೇಲೆ ಪ್ರಯೋಗ ನಡೆಸಿತು, ನಿಂಗ್‌ಬೋ ನಗರದ ಮೇಲೆ ಪ್ಲೇಗ್ ಚಿಗಟಗಳನ್ನು ವಿಮಾನದಿಂದ ಉದುರಿಸಿತು. ಅದರ ಮುಖ್ಯಸ್ಥ ಶಿರೋ ಇಶಿಗೆ ಶಿಕ್ಷೆಯಾಗಲಿಲ್ಲ. ಪ್ರಯೋಗದ ದಾಖಲೆಗಳಿಗೆ ಬದಲಾಗಿ ಅಮೆರಿಕ ಅವನನ್ನು ವಿಚಾರಣೆಯಿಲ್ಲದೆ ಬಿಟ್ಟಿತು. ಇದನ್ನು ಹೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಗದ್ದೆ ಮಾಡುವವರಿಗೆ ತಟ್ಟಿದ್ದು ಇನ್ನೊಂದು ಸಂಗತಿ. ಭತ್ತದ ಬೆಂಕಿ ರೋಗವನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಆ ಬೆಂಕಿ ರೋಗದ ಶಿಲೀಂಧ್ರವನ್ನೂ ಗೋಧಿಯ ತುಕ್ಕು ರೋಗದ ಶಿಲೀಂಧ್ರವನ್ನೂ ಅಮೆರಿಕ ಶತ್ರುವಿನ ಬೆಳೆ ಸುಡಲೆಂದೇ ಬೆಳೆಸಿ ದಾಸ್ತಾನು ಮಾಡಿತ್ತು. 1969ರ ನವೆಂಬರ್ 25ರಂದು ಅಧ್ಯಕ್ಷ ನಿಕ್ಸನ್ ಇಡೀ ಕಾರ್ಯಕ್ರಮವನ್ನು ಕೈಬಿಡುವುದಾಗಿ ಘೋಷಿಸಿದ ಮೇಲೆ ಆ ದಾಸ್ತಾನು ನಾಶವಾಯಿತು. ಸಭೆಯಲ್ಲಿ ಕೆಲಹೊತ್ತು ಯಾರೂ ಮಾತಾಡಲಿಲ್ಲ.

“ಹಾಗಾದರೆ ಇದೂ ಅದೇ ಇರಬಹುದಲ್ಲ?” ಎಂದು ಒಬ್ಬ ಯುವಕ ಕೇಳಿದ. ಬೆಳಿಗ್ಗೆ ಲೈನ್ ಮನೆಗೆ ನುಗ್ಗಿದವರಲ್ಲಿ ಅವನೂ ಇದ್ದ. ಆ ಪ್ರಶ್ನೆಗಾಗಿಯೇ ನಾನು ಸ್ವೆರ್ಡ್‌ಲೋವ್ಸ್ಕ್ ಕಥೆಯನ್ನು ಉಳಿಸಿಕೊಂಡಿದ್ದೆ.

ಎರಡು ನಕ್ಷೆ

1979ರ ಏಪ್ರಿಲ್ ಆರಂಭದಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್ಸ್ಕ್ ನಗರದ ಸೇನಾ ಘಟಕದಿಂದ ಆಂಥ್ರಾಕ್ಸ್ ಬೀಜಕಣಗಳು ಗಾಳಿಗೆ ಸೋರಿದವು. ಕನಿಷ್ಠ 66 ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರೆಂದು ಸರ್ಕಾರ ಹೇಳಿತು, ಹದಿಮೂರು ವರ್ಷ ಅದನ್ನೇ ಹೇಳುತ್ತ ಬಂತು. 1992ರಲ್ಲಿ ಅಧ್ಯಕ್ಷ ಯೆಲ್ಟ್ಸಿನ್ ಸೇನೆಯೇ ಕಾರಣ ಎಂದು ಒಪ್ಪಿಕೊಂಡರು. ಮ್ಯಾಥ್ಯೂ ಮೆಸೆಲ್ಸನ್ ಎಂಬ ವಿಜ್ಞಾನಿ ತಮ್ಮ ತಂಡದೊಂದಿಗೆ ಹೋಗಿ, ಸತ್ತವರು ಆ ದಿನ ಹಗಲು ಎಲ್ಲಿದ್ದರು ಎಂದು ಮನೆಮನೆ ವಿಚಾರಿಸಿ ನಕ್ಷೆಯ ಮೇಲೆ ಗುರುತು ಹಾಕಿದರು. ಗುರುತುಗಳೆಲ್ಲ ಸೇನಾ ಘಟಕದಿಂದ ಹೊರಟು ನಗರದ ದಕ್ಷಿಣದ ಅಂಚಿನವರೆಗಿನ ಒಂದು ಕಿರಿದಾದ ಪಟ್ಟಿಯಲ್ಲಿ ಬಿದ್ದವು. ಅದೇ ಗೆರೆಯನ್ನು ಮುಂದಕ್ಕೆ ಎಳೆದರೆ ಹಳ್ಳಿಹಳ್ಳಿಯಲ್ಲಿ ಸತ್ತ ಕುರಿ, ದನಗಳು ಸಿಕ್ಕವು. ಏಪ್ರಿಲ್ 2ರಂದು ಗಾಳಿ ಬೀಸಿದ್ದೂ ಅದೇ ದಿಕ್ಕಿಗೆ. ಮಾಂಸದಿಂದ ಬಂದ ರೋಗ ಗಾಳಿಯ ಗೆರೆಯನ್ನು ಹಿಡಿದು ಹೋಗುವುದಿಲ್ಲ.

“ನಾವೂ ನಕ್ಷೆ ಹಾಕೋಣ” ಎಂದು ಸುಬೇದಾರರು ಎದ್ದರು. ಪಂಚಾಯಿತಿಯಿಂದ ಊರಿನ ಸರ್ವೆ ನಕ್ಷೆ ತಂದು ಮೇಜಿನ ಮೇಲೆ ಹಾಸಿದೆವು. ಸತ್ತ ಒಂದೊಂದು ದನಕ್ಕೂ ಮೂರು ಪ್ರಶ್ನೆ: ಕೊಟ್ಟಿಗೆ ಎಲ್ಲಿ, ಹಿಂದಿನ ವಾರ ಮೇಯ್ದದ್ದು ಎಲ್ಲಿ, ನೀರು ಕುಡಿದದ್ದು ಎಲ್ಲಿ. ಉತ್ತರವನ್ನು ದನದ ಮಾಲೀಕರೇ ಕಾಫಿ ಬೀಜ ಇಟ್ಟು ಗುರುತಿಸಬೇಕು. ಕೊಟ್ಟಿಗೆಗಳು ಊರಿನ ನಾಲ್ಕು ಕಡೆ ಚದುರಿದ್ದವು. ಮೇಯ್ದ ಜಾಗಕ್ಕೆ ಬಂದಾಗ ಐದೂ ಬೀಜಗಳು ಬಾಣೆಯ ತಗ್ಗಿನ ಅಂಚಿನಲ್ಲಿ, ಒಂದು ಅಂಗೈಯಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ಬಂದು ಕೂತವು. ಡ್ರೋನ್ ಹಾರಿದ್ದು ಬಾಣೆಯ ಮೇಲಿನ ತುದಿಯಲ್ಲಿ. ಅಲ್ಲಿ ಮೇಯ್ದ ಹದಿನಾಲ್ಕು ದನಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ಡ್ರೋನ್ ಯಾರದ್ದು ಎಂಬುದೂ ಅಲ್ಲೇ ಗೊತ್ತಾಯಿತು: ಪಕ್ಕದೂರಿನ ಮದುವೆಯ ಚಿತ್ರೀಕರಣಕ್ಕೆ ಬಂದವರದ್ದು. ಮದುವೆಮನೆಯವರೊಬ್ಬರು ಸಭೆಯಲ್ಲೇ ಇದ್ದು, ಹೇಳಲು ಹೆದರಿ ಸುಮ್ಮನಿದ್ದರು.

“ಆ ತಗ್ಗಿನಲ್ಲಿ ಏನಿದೆ?” ಎಂದು ಯಾರೋ ಕೇಳಿದರು. ಆಗ ಹಿಂದಿನ ಸಾಲಿನ ಅಜ್ಜಿ ಎದ್ದು ನಿಂತರು. “ಅಲ್ಲಿ ಏನೂ ಇಲ್ಲ. ಕೆರೆ ದಂಡೆಯಲ್ಲಿ ಇದ್ದದ್ದನ್ನು ಅಲ್ಲಿಗೆ ತಂದು ಸುರಿದಿದ್ದೀರಿ” ಎಂದರು. ಅವರ ಮಾವನ ಕಾಲದಲ್ಲಿ ಊರಿನ ದನಗಳು ಒಂದೇ ವಾರದಲ್ಲಿ ಸಾಲುಸಾಲಾಗಿ ಸತ್ತಿದ್ದವಂತೆ. ಅವನ್ನೆಲ್ಲ ಕೆರೆಯ ದಂಡೆಯಲ್ಲೇ ಹೂತು, ಅಲ್ಲಿ ಯಾರೂ ಅಗೆಯಬಾರದು, ದನ ಕಟ್ಟಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರಂತೆ. ಆ ಜಾಗದ ಹೆಸರು ಬರೆದರೆ ಊರು ಗೊತ್ತಾಗುತ್ತದೆ. ಹೆಸರಿನಲ್ಲೇ ‘ದನ’ ಎಂಬ ಪದವಿದೆ ಎಂದಷ್ಟೇ ಹೇಳುತ್ತೇನೆ. ಹೆಸರು ಎಲ್ಲರ ನಾಲಿಗೆಯ ಮೇಲೂ ಇತ್ತು, ಅದರ ಅರ್ಥವನ್ನು ಯಾರೂ ಕೇಳಿರಲಿಲ್ಲ. ಎಂಬತ್ತು ವರ್ಷದ ಸಕ್ಕರೆ ಅಚ್ಚಿನ ಮಾತು ಕೇಳಿದಾಗ ಅವರು ತಲೆ ಎತ್ತಿದ್ದು ಇದಕ್ಕೇ.

ಬಿಳಿ ಪುಡಿ

ಈ ಭಾಗದಲ್ಲಿ ನನ್ನ ನಿರ್ಧಾರವನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಹಾಗಾಗಿ ವಿವರವಾಗಿ ಹೇಳಬೇಕು. ಅಪರಿಚಿತ ಪುಡಿ ಸಿಕ್ಕರೆ ತೆರೆಯಬಾರದು, ಮೂಸಬಾರದು, ಅಲುಗಿಸಬಾರದು. ಜನರನ್ನು ದೂರ ಸರಿಸಿ ಪೊಲೀಸರಿಗೆ ಒಪ್ಪಿಸಬೇಕು. ನಿಯಮ ಇದು, ಇದು ಸರಿಯಾದ ನಿಯಮ. 2001ರಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಬಂದ ಪುಡಿಯಿಂದ 22 ಜನರಿಗೆ ರೋಗ ತಗುಲಿ 5 ಜನ ಸತ್ತರು. ತನಿಖೆ ಕೊನೆಗೆ ಬೆರಳು ತೋರಿಸಿದ್ದು ಆ ದೇಶದ್ದೇ ಸೇನಾ ಪ್ರಯೋಗಾಲಯದ ವಿಜ್ಞಾನಿಯತ್ತ.

ಆದರೆ ಇಲ್ಲಿ ಪುಡಿ ಅಪರಿಚಿತವಾಗಿರಲಿಲ್ಲ. ಅದನ್ನು ಕುಟ್ಟಿದ ಹೆಂಗಸು ಎದುರಿಗೇ ಇದ್ದರು. ಫೋನಿನಲ್ಲಿ ಅಸ್ಸಾಮಿ ಬಲ್ಲ ಒಬ್ಬರನ್ನು ಹಿಡಿದು ಮಾತಾಡಿಸಿದಾಗ, ಏಪ್ರಿಲ್ ನಡುವಿನ ಬಿಹು ಹಬ್ಬಕ್ಕೆ ಪಿಠಾ ಎಂಬ ತಿನಿಸು ಮಾಡಲು ಅಕ್ಕಿ ನೆನೆಸಿ ಕುಟ್ಟಿದ ಹಿಟ್ಟು ಎಂದು ತಿಳಿಯಿತು. ಹಿಂದಿನ ದಿನ ಅದೇ ಹಿಟ್ಟಿನಲ್ಲಿ ಮಕ್ಕಳಿಗೆ ತಿನಿಸು ಮಾಡಿ ಕೊಟ್ಟಿದ್ದರು. ಮಗುವಿನ ಅಂಗಿಯ ಮೇಲೆ ಇನ್ನೂ ಹಿಟ್ಟಿನ ಗುರುತಿತ್ತು. ಚೀಲವನ್ನು ಮುಚ್ಚಿಯೇ ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದರೆ ಉತ್ತರ ಬರಲು ದಿನಗಳು ಬೇಕಿತ್ತು, ಅಷ್ಟು ದಿನವೂ ಆ ಕುಟುಂಬ ಆರೋಪಿಗಳಾಗಿ ಕೂರಬೇಕಿತ್ತು. ಪೊಲೀಸ್ ಅಧಿಕಾರಿಯ ಒಪ್ಪಿಗೆ ಪಡೆದು, ಕೈಗವಸು ಮುಖಗವಸು ಹಾಕಿ, ಭವನದ ಹೊರಗೆ ಒಂದು ಚಮಚ ಹಿಟ್ಟು ತೆಗೆದು ತಟ್ಟೆಗೆ ಹಾಕಿ ಅಯೋಡಿನ್ ಹನಿ ಬಿಟ್ಟೆ. ಕಂದು ಹನಿ ನೋಡುತ್ತಿದ್ದಂತೆ ನೀಲಿಗಪ್ಪಾಯಿತು. ಪಿಷ್ಟ. ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಪರೀಕ್ಷೆ. ಊರಿನ ಒಬ್ಬ ಗೃಹಿಣಿ ಹತ್ತಿರ ಬಂದು ನೋಡಿ, “ನಮ್ಮ ಕಡಂಬುಟ್ಟಿನ ಅಕ್ಕಿ ತರಿಗಿಂತ ನುಣುಪಾಗಿದೆ, ಅಷ್ಟೇ” ಎಂದರು. ಆಮೇಲೆ ಅವರು ಆ ಅಸ್ಸಾಮಿ ಹೆಂಗಸಿನ ಪಕ್ಕ ಹೋಗಿ ಕೂತರು. ಮಾತಾಡಲು ಭಾಷೆ ಇರಲಿಲ್ಲ.

ಪಿಷ್ಟವಿದೆ ಎಂದ ಮಾತ್ರಕ್ಕೆ ಬೇರೇನೂ ಬೆರೆತಿಲ್ಲ ಎಂದು ಸಿದ್ಧವಾಗುವುದಿಲ್ಲ, ಇದು ಸಹೋದ್ಯೋಗಿಗಳ ಆಕ್ಷೇಪ. ನ್ಯಾಯವಾದ ಆಕ್ಷೇಪ. ಉಳಿದ ಹಿಟ್ಟನ್ನು ಎರಡು ಚೀಲದಲ್ಲಿ ಮುಚ್ಚಿ ಪೊಲೀಸರ ವಶಕ್ಕೆ ಕೊಟ್ಟೆವು, ಪ್ರಯೋಗಾಲಯದಿಂದಲೂ ಅದೇ ಉತ್ತರ ಬಂತು. ಅಂದಿನ ಸಂಜೆಗೆ ಬೇಕಿದ್ದದ್ದು ಜನರ ಕಣ್ಣೆದುರಿನ ಸಾಕ್ಷಿ. ಎದುರಿಗೆ ಆ ಹೆಂಗಸು, ಆ ಮಗು ಇಲ್ಲದಿದ್ದರೆ ನಾನು ಚೀಲ ಮುಟ್ಟುತ್ತಿರಲಿಲ್ಲ.

ರೋಗವನ್ನು ತಡೆದದ್ದು

ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ತುದಿ ಚೌಕವಾಗಿ ಕತ್ತರಿಸಿದಂಥ ನೀಲಿ ಕಡ್ಡಿಗಳು, ಬಿದಿರಿನ ಗೆಣ್ಣುಗಳ ಹಾಗೆ ಸರಪಳಿ ಕಟ್ಟಿಕೊಂಡು, ಸುತ್ತ ಗುಲಾಬಿ ಬಣ್ಣದ ಪೊರೆ ಹೊದ್ದುಕೊಂಡಿದ್ದವು. ಸುಬೇದಾರರಿಗೂ ರೈಟರಿಗೂ ಆ ಯುವಕನಿಗೂ ಕಣ್ಣಿಟ್ಟು ನೋಡಲು ಕೊಟ್ಟೆ. ಬೆಂಗಳೂರಿನ ಪ್ರಯೋಗಾಲಯ ಆಮೇಲೆ ಇದನ್ನು ದೃಢಪಡಿಸಿತು.

ಮೊದಲ ಹಸುವಿನ ಚರ್ಮ ಸುಲಿದ ಇಬ್ಬರನ್ನು ಆ ರಾತ್ರಿಯೇ ಹುಡುಕಿಸಿದೆ. ಒಬ್ಬರ ಮುಂಗೈ ಮೇಲೆ ಆಗಲೇ ಸಣ್ಣ ಗುಳ್ಳೆ ಎದ್ದಿತ್ತು, ಸುತ್ತ ಊತ, ನೋವು ಮಾತ್ರ ಇಲ್ಲ. ನೋವಿಲ್ಲದ ಕಾರಣಕ್ಕೇ ಅವರು ಯಾರಿಗೂ ಹೇಳಿರಲಿಲ್ಲ. ಎರಡು ದಿನದಲ್ಲಿ ಅದರ ನಡುಭಾಗ ಇದ್ದಿಲಿನಂತೆ ಕಪ್ಪಾಯಿತು. ಗ್ರೀಕ್ ಭಾಷೆಯಲ್ಲಿ ಆಂಥ್ರಾಕ್ಸ್ ಎಂದರೆ ಇದ್ದಿಲು. ತಡಮಾಡದೆ ಆಸ್ಪತ್ರೆಗೆ ಸೇರಿಸಿ ಆಂಟಿಬಯಾಟಿಕ್ ಕೊಟ್ಟಿದ್ದರಿಂದ ಅವರು ಪೂರ್ತಿ ಗುಣವಾದರು. ಚರ್ಮವನ್ನು ಮಾರಲು ಕಟ್ಟಿಟ್ಟಿದ್ದರು. ಅದನ್ನು ತರಿಸಿ ಸುಟ್ಟೆವು.

ಸತ್ತ ದನಗಳನ್ನು ಎಳೆದಾಡದೆ ಬಿದ್ದಲ್ಲೇ ಸುಡಲು ನಿಶ್ಚಯಿಸಿದೆ. ಆಳವಾಗಿ ಹೂತು ಸುಣ್ಣ ಸುರಿಯುವುದು ನಮ್ಮಲ್ಲಿ ರೂಢಿ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಬೀಜಕಣಗಳಿಗೇ ಆಸರೆಯಾಗುತ್ತದೆ ಎಂಬ ಎಚ್ಚರಿಕೆಯನ್ನು ಓದಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಊರಿನಲ್ಲಿ ಹೂತದ್ದರ ಫಲ ಕಣ್ಣೆದುರೇ ಇತ್ತು. ತೋಟದ ಮಾಲೀಕರು ಒಣಗಿದ ಸಿಲ್ವರ್ ಓಕ್ ಮರಗಳನ್ನು ಕೊಟ್ಟರು. ಒಂದು ಎತ್ತು ಬೂದಿಯಾಗಲು ಒಂದು ರಾತ್ರಿ ಪೂರ್ತಿ ಬೇಕು. ಬುಧವಾರ ಇನ್ನೆರಡು ಸತ್ತವು, ಅಲ್ಲಿಗೆ ಏಳು. ಅದೇ ದಿನ ಲಸಿಕೆ ಬಂತು. ಊರಿನ ಮತ್ತು ಸುತ್ತಲಿನ ಊರುಗಳ ದನಗಳಿಗೆ ಹಾಕಿದೆವು. ಈ ಲಸಿಕೆ ಸ್ಟರ್ನ್ ಎಂಬ ಪಶುವೈದ್ಯರು 1930ರ ದಶಕದಲ್ಲಿ ಪಳಗಿಸಿದ, ಆಂಥ್ರಾಕ್ಸ್ ರೋಗಾಣುವಿನ ನಿರಪಾಯಕಾರಿ ತಳಿ. 1993ರಲ್ಲಿ ಜಪಾನಿನ ಓಂ ಶಿನ್ರಿಕ್ಯೋ ಪಂಥದವರು ಟೋಕಿಯೋದಲ್ಲಿ ಕಟ್ಟಡದ ಮೇಲಿನಿಂದ ಆಂಥ್ರಾಕ್ಸ್ ಸಿಂಪಡಿಸಿದಾಗ ಯಾರೂ ಸಾಯದೆ ಉಳಿದದ್ದಕ್ಕೆ ದೊಡ್ಡ ಕಾರಣ, ಅವರ ಕೈಗೆ ಸಿಕ್ಕಿದ್ದು ಇದೇ ಲಸಿಕೆಯ ತಳಿ. ಎಂಟನೆಯ ದನ ಸಾಯಲಿಲ್ಲ. ತಗ್ಗಿನ ಅಂಚಿಗೂ ಕೆರೆ ದಂಡೆಗೂ ಬೇಲಿ ಬಿತ್ತು.

ಒಪ್ಪಂದವಿದೆ, ನೋಡುವವರಿಲ್ಲ

ಸಭೆಯಲ್ಲಿ ಆ ಯುವಕ ಇನ್ನೊಂದು ಪ್ರಶ್ನೆ ಕೇಳಿದ್ದ: “ಇಷ್ಟೆಲ್ಲ ಆದ ಮೇಲೆ ಜಗತ್ತು ಇದನ್ನು ನಿಷೇಧಿಸಿಲ್ಲವೇ?” ನಿಷೇಧಿಸಿದೆ. 1925ರ ಜಿನೀವಾ ಪ್ರೋಟೊಕಾಲ್ ಯುದ್ಧದಲ್ಲಿ ಬಳಸುವುದನ್ನು ತಡೆಯಿತು, ತಯಾರಿಸಿ ಇಟ್ಟುಕೊಳ್ಳುವುದನ್ನು ತಡೆಯಲಿಲ್ಲ. 1972ರ ಏಪ್ರಿಲ್ 10ರಂದು ಸಹಿಗೆ ತೆರೆದ ಜೈವಿಕ ಅಸ್ತ್ರಗಳ ನಿಷೇಧ ಒಪ್ಪಂದ ತಯಾರಿಕೆ, ದಾಸ್ತಾನು ಎರಡನ್ನೂ ನಿಷೇಧಿಸಿತು. 1975ರ ಮಾರ್ಚ್ 26ರಂದು ಜಾರಿಗೆ ಬಂತು. ಭಾರತ 1974ರಲ್ಲೇ ಅನುಮೋದಿಸಿತು. ಇಂದು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. 2005ರಲ್ಲಿ ನಮ್ಮ ಸಂಸತ್ತು ಸಾಮೂಹಿಕ ವಿನಾಶದ ಅಸ್ತ್ರಗಳ ವಿರುದ್ಧ ಕಾಯಿದೆಯನ್ನೂ ಮಾಡಿದೆ.

ಕೊರತೆ ಇರುವುದು ಪರಿಶೀಲನೆಯಲ್ಲಿ. ರಾಸಾಯನಿಕ ಅಸ್ತ್ರಗಳಿಗೆ ಹೇಗ್ ನಗರದಲ್ಲಿ, ಪರಮಾಣು ವಸ್ತುಗಳಿಗೆ ವಿಯೆನ್ನಾದಲ್ಲಿ ತನಿಖಾಧಿಕಾರಿಗಳಿರುವ ಸಂಸ್ಥೆಗಳಿವೆ. ಜೈವಿಕ ಒಪ್ಪಂದಕ್ಕೆ ಜಿನೀವಾದಲ್ಲಿ ಬೆರಳೆಣಿಕೆಯ ಸಿಬ್ಬಂದಿಯ ಒಂದು ಸಣ್ಣ ಘಟಕ ಮಾತ್ರ ಇದೆ. ಯಾವ ದೇಶದ ಪ್ರಯೋಗಾಲಯದ ಬಾಗಿಲನ್ನೂ ತಟ್ಟುವ ಅಧಿಕಾರ ಅದಕ್ಕಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಸೋವಿಯತ್ ಒಕ್ಕೂಟ ಬಯೋಪ್ರೆಪರಾಟ್ ಎಂಬ ಹೆಸರಿನಡಿ ಬೃಹತ್ ಕಾರ್ಯಕ್ರಮ ನಡೆಸಲು ಸಾಧ್ಯವಾದದ್ದು ಇದರಿಂದಲೇ. ಪರಿಶೀಲನೆಯ ನಿಯಮ ರೂಪಿಸಲು ವರ್ಷಗಟ್ಟಲೆ ನಡೆದ ಮಾತುಕತೆಯನ್ನು 2001ರಲ್ಲಿ ಅಮೆರಿಕ ತಿರಸ್ಕರಿಸಿತು, ಅಲ್ಲಿಗೆ ಅದು ಮುರಿದುಬಿತ್ತು. ಇದು ನನಗೆ ಇಂದಿಗೂ ಅಕ್ಷಮ್ಯವೆನಿಸುತ್ತದೆ.

ನೋಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬಾಣೆಯಂಥದ್ದೇ ಒಂದು ಪ್ರಕರಣವಿದೆ. ಅಮೆರಿಕದ ವಿಮಾನವೊಂದು 1996ರಲ್ಲಿ ತನ್ನ ಮೇಲೆ ಹಾರುವಾಗ ಥ್ರಿಪ್ಸ್ ಕೀಟಗಳನ್ನು ಉದುರಿಸಿತು, ಬೆಳೆ ಹಾಳಾಯಿತು ಎಂದು ಕ್ಯೂಬಾ ದೂರಿತು. ಅದು ಹೊಗೆಯ ಸಂಕೇತ ಎಂದು ಅಮೆರಿಕ ಹೇಳಿತು. 1997ರಲ್ಲಿ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಚರ್ಚಿಸಿದವು, ಹೌದು ಎಂದಾಗಲಿ ಅಲ್ಲ ಎಂದಾಗಲಿ ತೀರ್ಮಾನಿಸಲು ಆಗಲಿಲ್ಲ. ಇಬ್ಬರೂ ಒಪ್ಪುವ ನಕ್ಷೆಯನ್ನು ಹಾಕಿಕೊಡುವವರು ಇರಲಿಲ್ಲ. ಅನುಮಾನ ನಮ್ಮ ದೇಶದಲ್ಲೂ ಕೆಲಸ ಕೆಡಿಸಿದೆ. ದೆಹಲಿಯ ಸುತ್ತ ನಡೆಯುತ್ತಿದ್ದ ಸೊಳ್ಳೆ ನಿಯಂತ್ರಣ ಸಂಶೋಧನೆ ಜೈವಿಕ ಯುದ್ಧದ ತಯಾರಿ ಎಂಬ ಆಪಾದನೆ ಸಂಸತ್ತಿನ ಸಮಿತಿಯವರೆಗೆ ಹೋಗಿ, 1975ರಲ್ಲಿ ಆ ಯೋಜನೆಯೇ ನಿಂತುಹೋಯಿತು.

ನಮ್ಮ ಊರಿನಲ್ಲಿ ಬೇಗ ಇತ್ಯರ್ಥ ಆದದ್ದು ನಾನು ಸರ್ಕಾರಿ ವೈದ್ಯ ಎಂಬ ಕಾರಣಕ್ಕೆ ಅಲ್ಲ. ನನ್ನ ಮಾತನ್ನು ಸೋಮವಾರವೇ ಯಾರೂ ನಂಬಿರಲಿಲ್ಲ. ಕಾಫಿ ಬೀಜ ಇಟ್ಟವರು ದನ ಕಳೆದುಕೊಂಡವರೇ ಆಗಿದ್ದರು, ಆರೋಪ ಹೊತ್ತವರು ಅದೇ ಕೋಣೆಯಲ್ಲಿ ಕೂತಿದ್ದರು. ಮತ್ತೊಮ್ಮೆ ಇಂಥದ್ದು ಬಂದರೆ ನಕ್ಷೆಯನ್ನು ಮೊದಲ ದಿನವೇ ಹಾಸುತ್ತೇನೆ. ಕೆರೆ ಹೂಳೆತ್ತುವ ಕೆಲಸಕ್ಕೆ ಮುಂಚೆ, ಎಲ್ಲಿ ಏನನ್ನು ಹೂತಿದ್ದಾರೆ ಎಂದು ಊರಿನ ಹಿರಿಯರನ್ನು ಕೇಳಬೇಕೆಂದು ಪಂಚಾಯಿತಿಗೆ ಬರೆದುಕೊಟ್ಟೆ. ಅವರು ಅದನ್ನು ನಡಾವಳಿ ಪುಸ್ತಕದಲ್ಲಿ ಸೇರಿಸಿಕೊಂಡರು. ಆ ದಂಡೆಯ ಸುತ್ತಲಿನ ದನಗಳಿಗೆ ಪ್ರತಿ ವರ್ಷ ಹೂಮಳೆಗೆ ಮುಂಚೆ ಲಸಿಕೆ ಬೀಳುತ್ತದೆ. ಲಸಿಕೆಯ ದಿನ ದನಗಳನ್ನು ಸಾಲಾಗಿ ನಿಲ್ಲಿಸುವುದು ರೈಟರು.

ಅಸ್ಸಾಮಿನ ಮೂರು ಕುಟುಂಬಗಳಲ್ಲಿ ಎರಡು ಬುಧವಾರ ನಸುಕಿನಲ್ಲೇ ಮೈಸೂರಿನ ಬಸ್ ಹತ್ತಿ ಹೊರಟುಹೋಗಿದ್ದವು, ವಾರದ ಕೂಲಿಯನ್ನೂ ತೆಗೆದುಕೊಳ್ಳದೆ. ಹಿಟ್ಟು ಕುಟ್ಟಿದ ಹೆಂಗಸಿನ ಕುಟುಂಬವೂ ಅದರಲ್ಲಿತ್ತು. ಪ್ರಯೋಗಾಲಯದ ವರದಿ ಬಂದ ಮೇಲೆ ಅದರ ಸಾರವನ್ನು ಅಸ್ಸಾಮಿಯಲ್ಲಿ ಬರೆಸಿ, ರೈಟರು ಕೊಟ್ಟ ಮೊಬೈಲ್ ಸಂಖ್ಯೆಗೆ ಕಳಿಸಿದೆ. ತೋಟದ ಮಾಲೀಕರು ಉಳಿದ ಕೂಲಿಯನ್ನು ಕಳಿಸಲು ಮೂರು ಸಲ ಕರೆ ಮಾಡಿದರು. ಆ ಸಂಖ್ಯೆ ಮತ್ತೆ ಚಾಲೂ ಆಗಲಿಲ್ಲ.